ಸೊರಬದ ಕೋಡಿಗೆ ಯಾವ ಊರಿನ ಗುಣಾಂಕ?

ಸೊರಬ, ಶಿಕಾರಿಪುರ ತಾಲ್ಲೂಕುಗಳ ಇಂಜಿನಿಯರ್ ಬಂಧುಗಳಿಗೆ; ಸಣ್ಣ ನೀರಾವರಿ, ಲೋಕೋಪಯೋಗಿ, ಪಂಚಾಯತ್ ರಾಜ್ ಕಚೇರಿಗಳಲ್ಲಿ ಇರುವವರಿಗೆ, ಗುತ್ತಿಗೆ ಕೆಲಸ ಮಾಡಿಸುವವರಿಗೆ, ನಿವೃತ್ತರಾಗಿ ಅಡಿಕೆ ತೋಟ ನೋಡಿಕೊಂಡಿರುವವರಿಗೆ, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು ಊರಿನ ಮಳೆ ಸುದ್ದಿಯನ್ನು ಫೋನಿನಲ್ಲಿ ಕೇಳುವವರಿಗೆ,



ಕೆರೆ ಕೋಡಿಯ ಕೆಲಸಕ್ಕೆ ಎಸ್ಟಿಮೇಟ್ ಬರೆಯಲು ಕೂತಾಗ ಮೊದಲು ಬೇಕಾಗುವುದು ಒಂದು ಸಂಖ್ಯೆ. ಅತಿ ದೊಡ್ಡ ಮಳೆ ಬಂದ ದಿನ ಈ ಕೋಡಿಯ ಮೇಲೆ ಎಷ್ಟು ನೀರು ಹರಿದೀತು? ನೀವೆಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ರೈವ್ಸ್ ಸೂತ್ರ ಆಗ ಹೊರಗೆ ಬರುತ್ತದೆ. ಕೆರೆಗೆ ನೀರು ಬರುವ ಜಾಗದ ವಿಸ್ತೀರ್ಣವನ್ನು ಮೂರನೇ ಎರಡರ ಘಾತಕ್ಕೆ ಏರಿಸಿ, 'ಸಿ' ಎಂಬ ಗುಣಾಂಕದಿಂದ ಗುಣಿಸಿದರೆ ಆಯಿತು. ವಿಸ್ತೀರ್ಣ ನಕಾಶೆಯಲ್ಲಿ ಸಿಗುತ್ತದೆ. 'ಸಿ' ಎಲ್ಲಿ ಸಿಗುತ್ತದೆ?

ಪುಸ್ತಕದಲ್ಲಿ ಸಿಗುತ್ತದೆ. ಸಮುದ್ರತೀರದಿಂದ 80 ಕಿಲೋಮೀಟರ್ ಒಳಗಿನ ಊರಿಗೆ 6.8, ಅದರಾಚೆ 160 ಕಿಲೋಮೀಟರ್ ತನಕ ಇನ್ನಷ್ಟು, ಗುಡ್ಡದ ಮಗ್ಗುಲಿನ ಸಣ್ಣ ಪ್ರದೇಶಕ್ಕೆ 10.2. ಈ ಸಮುದ್ರತೀರ ಯಾವುದು ಎಂದು ಒಮ್ಮೆ ಕೇಳಿಕೊಳ್ಳಬೇಕು. ರೈವ್ಸ್ ಸೂತ್ರ ಕಟ್ಟಿದ್ದು 1884ರಲ್ಲಿ, ಮದ್ರಾಸ್ ಪ್ರಾಂತ್ಯಕ್ಕೆ. ಆ ತೀರ ಬಂಗಾಳ ಕೊಲ್ಲಿಯದು. ಸೊರಬದಿಂದ ಘಟ್ಟ ಇಳಿದರೆ ಸಿಗುವ ಕಡಲು ಅರಬ್ಬೀ ಸಮುದ್ರ. ಮಳೆಯ ದಿಕ್ಕು ಬೇರೆ, ತಿಂಗಳು ಬೇರೆ, ಬೀಳುವ ಬಗೆಯೇ ಬೇರೆ. ಚಂದ್ರಗುತ್ತಿ ಕಡೆಯ ಮಳೆಗೂ ಆನವಟ್ಟಿ ಕಡೆಯ ಮಳೆಗೂ ಒಂದೇ ತಾಲ್ಲೂಕಿನಲ್ಲಿ ಇರುವ ಅಂತರ ನಿಮಗೆ ಗೊತ್ತು. ಶಿಕಾರಿಪುರ ದಾಟಿ ಪೂರ್ವಕ್ಕೆ ಹೋದರಂತೂ ಮಲೆನಾಡು ಕೈಬಿಟ್ಟು ಬಯಲುಸೀಮೆ ಶುರುವಾಗುತ್ತದೆ. ಇಷ್ಟೆಲ್ಲಕ್ಕೂ ಸೇರಿಸಿ ಬಂಗಾಳ ಕೊಲ್ಲಿಯಿಂದ ಅಳೆದ ಒಂದು ಅಂಕಿ!

ಇದರಲ್ಲಿ ರೈವ್ಸ್ ತಪ್ಪೇನೂ ಇಲ್ಲ. ಅವರು ತಮ್ಮ ಸೀಮೆಯ ನೀರನ್ನು ನೋಡಿದರು, ಬರೆದರು. ನಮ್ಮ ಸೀಮೆಯ ನೀರನ್ನು ನೋಡಿ ಬರೆದಿಟ್ಟ ಜಾಗ ಎಲ್ಲಿ ಎಂಬುದೇ ಈ ಪತ್ರದ ವಿಷಯ. ಅದಕ್ಕಾಗಿ ಇಂಜಿನಿಯರುಗಳ ಸಂಘಗಳು ತಮ್ಮ ಸದಸ್ಯರಿಗಾಗಿ ಹೊರಡಿಸಿದ ಪತ್ರಿಕೆಗಳ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

1818ರ ಜನವರಿ 2ರಂದು ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಕೆಂಡಲ್ ಕಾಫಿ ಹೌಸ್‌ನಲ್ಲಿ ಬೆರಳೆಣಿಕೆಯ ಯುವಕರು ಸೇರಿದರು. ಅವರನ್ನು ಸೇರಿಸಿದವರು ಹೆನ್ರಿ ರಾಬಿನ್ಸನ್ ಪಾಮರ್. ಕಾಲುವೆ, ಸೇತುವೆ, ರಸ್ತೆ ಕಟ್ಟುವ ಕೆಲಸವನ್ನು ಅಲ್ಲಿಯ ತನಕ ಒಬ್ಬೊಬ್ಬರೂ ತಮ್ಮ ತಮ್ಮ ಗುರುವಿನ ಹಿಂದೆ ತಿರುಗಿ ಕಲಿಯುತ್ತಿದ್ದರು. ಗುರು ಸತ್ತರೆ ಅವನ ಅನುಭವವೂ ಅವನ ಜೊತೆಗೇ ಹೋಗುತ್ತಿತ್ತು. ಇದಕ್ಕೊಂದು ದಾರಿ ಬೇಕು ಎಂದು ಹುಟ್ಟಿದ್ದು ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಇಂಜಿನಿಯರ್ಸ್. ಎರಡು ವರ್ಷ ಅದು ಕುಂಟುತ್ತಲೇ ಇತ್ತು. 1820ರಲ್ಲಿ ಥಾಮಸ್ ಟೆಲ್‌ಫರ್ಡ್ ಅಧ್ಯಕ್ಷರಾದ ಮೇಲೆ ಮೈ ತುಂಬಿಕೊಂಡಿತು. ಕಲ್ಲುಕುಟಿಗನಾಗಿ ಬದುಕು ಶುರುಮಾಡಿದ್ದ ಟೆಲ್‌ಫರ್ಡ್‌ರಿಗೆ ಕೈಕೆಲಸದ ಬೆಲೆಯೂ ಗೊತ್ತಿತ್ತು, ಬರೆದಿಡುವುದರ ಬೆಲೆಯೂ ಗೊತ್ತಿತ್ತು.

ಸಂಘದ ನಡಾವಳಿಗಳು 1837ರಿಂದ ಅಚ್ಚಾಗತೊಡಗಿದವು. ಆ ಸಂಪುಟಗಳ ಒಂದು ಪದ್ಧತಿ ಇಂದಿಗೂ ಮೆಚ್ಚುವಂಥದ್ದು. ಸದಸ್ಯನೊಬ್ಬ ತನ್ನ ಕೆಲಸದ ಬಗ್ಗೆ ಪ್ರಬಂಧ ಓದಿದರೆ ಅದಷ್ಟೇ ಅಚ್ಚಾಗುತ್ತಿರಲಿಲ್ಲ. ಸಭೆಯಲ್ಲಿ ಎದ್ದ ಪ್ರಶ್ನೆ, ಎತ್ತಿದ ಆಕ್ಷೇಪ, ದೂರದೂರಿನಿಂದ ಬಂದ ಪತ್ರ, ಕೊನೆಗೆ ಅವನು ಕೊಟ್ಟ ಉತ್ತರ, ಎಲ್ಲವೂ ಪ್ರಬಂಧದ ಬೆನ್ನಿಗೇ ಅಚ್ಚಾಗುತ್ತಿದ್ದವು. ಎಷ್ಟೋ ಕಡೆ ಮೂಲಕ್ಕಿಂತ ಚರ್ಚೆಯೇ ಉದ್ದ. ಓದುವ ಕಿರಿಯನಿಗೆ ಸೂತ್ರವೂ ಸಿಕ್ಕಿತು, ಆ ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬ ಹಿರಿಯರ ಮಾತೂ ಸಿಕ್ಕಿತು.

ಪಂಜಾಬಿನ ಮೇಲ್ ಬಾರಿ ದೋಆಬ್ ಕಾಲುವೆಯ ಮೇಲೆ ಕೆಲಸಕ್ಕಿದ್ದ ಆರ್. ಜಿ. ಕೆನಡಿ ಈ ಪತ್ರಿಕೆಗೆ ಬರೆದವರು. ಕಾಲುವೆ ಕೆಲವು ಕಡೆ ಹೂಳು ತುಂಬಿಕೊಳ್ಳುತ್ತದೆ, ಕೆಲವು ಕಡೆ ತಳ ಕೊರೆದುಕೊಳ್ಳುತ್ತದೆ, ಇನ್ನು ಕೆಲವು ಕಡೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಾಗೇ ಇರುವ ಜಾಗಗಳನ್ನು ಹುಡುಕಿ ನೀರಿನ ಆಳ ಅಳೆದರು, ವೇಗ ಅಳೆದರು, ಎರಡಕ್ಕೂ ಇರುವ ನಂಟನ್ನು 1895ರಲ್ಲಿ ಬರೆದರು. ಅವರದು ಪ್ರಯೋಗಶಾಲೆಯಲ್ಲ, ಪ್ರೊಫೆಸರ್ ಹುದ್ದೆಯೂ ಅಲ್ಲ. ಕಾಲುವೆ ಏರಿಯ ಮೇಲೆ ದಿನಾ ಓಡಾಡುವ ಎಕ್ಸಿಕ್ಯುಟಿವ್ ಇಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದ ಸಂಗತಿ ಅದು. ಈಗ ಡಿಪ್ಲೊಮಾ ಓದುವ ಹುಡುಗನೂ ಪರೀಕ್ಷೆಗೆ ಅದನ್ನು ಓದುತ್ತಾನೆ.

ರಾಬರ್ಟ್ ಮ್ಯಾನಿಂಗ್ ಕಥೆ ಇದಕ್ಕಿಂತಲೂ ಹತ್ತಿರದ್ದು. ಅವರ ಸೂತ್ರ ಇಲ್ಲದೆ ಇವತ್ತು ನಮ್ಮಲ್ಲಿ ಚರಂಡಿಯೂ ಆಗುವುದಿಲ್ಲ, ಕಾಲುವೆಯೂ ಆಗುವುದಿಲ್ಲ. 1816ರಲ್ಲಿ ಹುಟ್ಟಿದ ಮ್ಯಾನಿಂಗ್ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 1846ರಲ್ಲಿ ಐರ್ಲೆಂಡಿನ ಸರ್ಕಾರಿ ಕಾಮಗಾರಿ ಇಲಾಖೆಯನ್ನು ಲೆಕ್ಕ ಬರೆಯುವವರಾಗಿ, ನಕ್ಷೆ ಎಳೆಯುವವರಾಗಿ ಸೇರಿದರು. ಪುಸ್ತಕ ಇಟ್ಟುಕೊಂಡು ತಾವೇ ಕಲಿತರು. 1874ರಲ್ಲಿ ಅದೇ ಇಲಾಖೆಯ ಚೀಫ್ ಇಂಜಿನಿಯರ್ ಆದರು. 73ನೇ ವಯಸ್ಸಿನಲ್ಲಿ, 1889ರ ಡಿಸೆಂಬರ್ 4ರಂದು, ಐರ್ಲೆಂಡಿನ ಇಂಜಿನಿಯರುಗಳ ಸಂಘದಲ್ಲಿ ತೆರೆದ ಕಾಲುವೆಯ ನೀರಿನ ಹರಿವಿನ ಬಗ್ಗೆ ಪ್ರಬಂಧ ಓದಿದರು. 1891ರಲ್ಲಿ ಅದು ಸಂಘದ ಸಂಪುಟದಲ್ಲಿ ಅಚ್ಚಾಯಿತು. ಚಿಕ್ಕ ದೇಶ, ಚಿಕ್ಕ ಸಂಘ, ಅದರ ಸದಸ್ಯರಿಗೆಂದೇ ಅಚ್ಚಾದ ಪುಸ್ತಕ. ಸೂತ್ರದ ಆ ರೂಪ ಸ್ವತಃ ಮ್ಯಾನಿಂಗ್‌ಗೇ ಅಷ್ಟಾಗಿ ಹಿಡಿಸಿರಲಿಲ್ಲ. ಅದನ್ನು ಬಿಟ್ಟು ಇನ್ನೊಂದನ್ನು ಮುಂದಿಟ್ಟಿದ್ದರು. ಲೋಕ ಮಾತ್ರ ಸುಲಭವಾದದ್ದನ್ನೇ ಎತ್ತಿಕೊಂಡಿತು. ಈಗ ಕಾಲುವೆಯ ಲೆಕ್ಕದಲ್ಲಿ ನೀವು 'ಎನ್' ಎಂದು ಬರೆದು 0.025 ಹಾಕುವಾಗಲೆಲ್ಲ ಆ ಸಂಘದ ಹಾಳೆ ಉಡುಗಣಿಯ ಗದ್ದೆಬಯಲಿಗೆ ಬಂದಂತೆಯೇ.

ನಮ್ಮ ದೇಶದಲ್ಲೂ ಇಂಥ ಪತ್ರಿಕೆ ಹುಟ್ಟಿದ್ದು ಇಲಾಖೆಯವರ ಕೈಯಲ್ಲೇ. ರೂರ್ಕಿಯ ಥಾಮಸನ್ ಕಾಲೇಜು ಶುರುವಾದದ್ದು 1847ರಲ್ಲಿ. ಅಲ್ಲಿಂದ 1863ರಲ್ಲಿ ಮೇಜರ್ ಜೆ. ಜಿ. ಮೆಡ್ಲಿ 'ಪ್ರೊಫೆಷನಲ್ ಪೇಪರ್ಸ್ ಆನ್ ಇಂಡಿಯನ್ ಇಂಜಿನಿಯರಿಂಗ್' ಎಂಬ ಮಾಲಿಕೆ ಹೊರಡಿಸಿದರು. ಬಂಗಾಳದ ಸೇತುವೆ, ಪಂಜಾಬಿನ ಕಾಲುವೆ, ದಖ್ಖನ್ನಿನ ಕೆರೆ, ಯಾರು ಏನು ಕಟ್ಟಿದ್ದರೋ ಅದನ್ನು ಬರೆದು ಕಳಿಸಬಹುದಿತ್ತು. ಡಿಕೆನ್ಸ್ ಅವರ ಪ್ರವಾಹ ಸೂತ್ರ ಲೋಕಕ್ಕೆ ಗೊತ್ತಾದದ್ದು 1865ರಲ್ಲಿ ಇದೇ ಮಾಲಿಕೆಯ ಎರಡನೇ ಸಂಪುಟದಿಂದ. ಉತ್ತರದ ನದಿಗಳನ್ನು ನೋಡಿ ಮಾಡಿದ ಸೂತ್ರ. ಘಟ್ಟದ ಸೀಮೆಗೆ ಅದನ್ನು ತರುವಾಗ ಗುಣಾಂಕವನ್ನು ಸುಮಾರು ದುಪ್ಪಟ್ಟು ಮಾಡಿಕೊಳ್ಳಬೇಕಾಯಿತು. ಸೂತ್ರ ಊರಿಂದೂರಿಗೆ ಹೋಗುತ್ತದೆ, ಗುಣಾಂಕ ಹೋಗುವುದಿಲ್ಲ. ಅದನ್ನು ಆಯಾ ಊರಿನವರೇ ಹುಟ್ಟಿಸಿಕೊಳ್ಳಬೇಕು.

ಅದೇ ಕಾಲದಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿದ್ದವರು ಆರ್. ಎಚ್. ಸ್ಯಾಂಕಿ, ಬೆಂಗಳೂರಿನವರು ಅವರ ಹೆಸರಿನ ಕೆರೆಯ ಸುತ್ತ ಇವತ್ತೂ ವಾಕಿಂಗ್ ಹೋಗುತ್ತಾರೆ. ಸಂಸ್ಥಾನದ ನೆಲದ ಸುಮಾರು ಶೇ. 60ರಷ್ಟು ಆಗಲೇ ಕೆರೆ ವ್ಯವಸ್ಥೆಯೊಳಗೆ ಬಂದಿದೆ, ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಬುದ್ಧಿ ಖರ್ಚು ಮಾಡಬೇಕು ಎಂಬರ್ಥದಲ್ಲಿ ಅವರು 1866ರಲ್ಲಿ ಬರೆದರು. ಸೊರಬ, ಶಿಕಾರಿಪುರದ ನಕಾಶೆ ಬಿಡಿಸಿ ನೋಡಿದವರಿಗೆ ಆ ಮಾತಿಗೆ ಬೇರೆ ಸಾಕ್ಷಿ ಬೇಡ. ಒಂದು ಕೆರೆಯ ಕೋಡಿ ನೀರು ಇನ್ನೊಂದರ ಅಂಗಳಕ್ಕೆ, ಅದರ ಕೋಡಿ ಮತ್ತೊಂದಕ್ಕೆ, ಹೀಗೆ ಇಳಿದಿಳಿದು ದಂಡಾವತಿಗೆ, ವರದೆಗೆ, ಕುಮುದ್ವತಿಗೆ. ಮೇಲಿನದೊಂದು ಒಡೆದರೆ ಕೆಳಗಿನವೂ ಸಾಲಾಗಿ ಒಡೆಯುವ ಭಯ ಇದರ ಜೊತೆಗೇ ಇದೆ. ಹಾಗಾಗಿ ಇಲ್ಲಿ ಕೋಡಿಯ ಅಳತೆ ತಪ್ಪುವುದು ಒಂದೇ ಊರಿನ ನಷ್ಟವಲ್ಲ.

ಮುಂದಿನದು ನಿಮಗೆ ಹೆಚ್ಚು ಪರಿಚಿತ. 1916ರಿಂದ 18ರ ತನಕ ಕೆಲಸ ಮಾಡಿದ ಇಂಡಸ್ಟ್ರಿಯಲ್ ಕಮಿಷನ್ನಿಗೆ ಅಧ್ಯಕ್ಷರಾಗಿದ್ದ ಸರ್ ಥಾಮಸ್ ಹಾಲೆಂಡ್ ಅವರ ಮುಂದಾಳತ್ವದಲ್ಲಿ ದೇಶಕ್ಕೊಂದು ಇಂಜಿನಿಯರುಗಳ ಸಂಘ ಬೇಕೆಂಬ ಕೆಲಸ ಶುರುವಾಯಿತು. ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್, ಇಂಡಿಯಾ 1920ರಲ್ಲಿ ಮದ್ರಾಸಿನಲ್ಲಿ ನೋಂದಣಿಯಾಗಿ, 1921ರ ಫೆಬ್ರವರಿ 23ರಂದು ಕಲ್ಕತ್ತೆಯಲ್ಲಿ ಉದ್ಘಾಟನೆಯಾಯಿತು. 1935ರಲ್ಲಿ ರಾಯಲ್ ಚಾರ್ಟರ್ ಸಿಕ್ಕಿತು. ಕೆಲಸದಲ್ಲಿದ್ದುಕೊಂಡೇ ಓದಿ ಪರೀಕ್ಷೆ ಕಟ್ಟಿ 'ಎ.ಎಂ.ಐ.ಇ.' ಆದವರು ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ಎಷ್ಟೋ ಮಂದಿ. ಹಗಲು ಲೆವೆಲ್ ಹಿಡಿದು, ರಾತ್ರಿ ಸೆಕ್ಷನ್ ಎ, ಸೆಕ್ಷನ್ ಬಿ ಎಂದು ಓದಿದ ಆ ಡಿಪ್ಲೊಮಾದವರ ಕಪಾಟಿನಲ್ಲಿ ಸಂಘದ ಜರ್ನಲ್‌ಗಳು ಗೌರವದ ಜಾಗದಲ್ಲಿ ಇರುತ್ತಿದ್ದವು.

ಆ ಜರ್ನಲ್ ಈಗ ಐದು ಸರಣಿಗಳಾಗಿ ಸ್ಪ್ರಿಂಗರ್ ಎಂಬ ದೊಡ್ಡ ಪ್ರಕಾಶನದ ಮೂಲಕ ಬರುತ್ತದೆ. 2012ರಿಂದ ಈ ಏರ್ಪಾಡು. ಲೋಕದ ಎಲ್ಲ ಮೂಲೆಗೂ ಹೋಗುತ್ತದೆ, ಸಂತೋಷವೇ. ಆದರೆ ಈಗ ಅದರಲ್ಲಿ ಬರೆಯುವವರು ಹೆಚ್ಚಾಗಿ ಕಾಲೇಜುಗಳ ಸಂಶೋಧಕರು. ಇದು ನಮ್ಮೊಬ್ಬರ ಕಥೆಯಲ್ಲ. ಹೊರಗೂ ಹೀಗೇ ಆಯಿತು. ಪ್ರಬಂಧ ಗಟ್ಟಿಯಾಗುತ್ತಾ ಹೋದಂತೆ ಸಾಮಾನ್ಯ ಸದಸ್ಯ ಓದುವುದು ಬಿಟ್ಟ. ಅವನನ್ನು ಮತ್ತೆ ಕರೆತರಲು ಸಂಘಗಳು ಬೇರೆಯದೇ ಪತ್ರಿಕೆ ತೆಗೆದವು. ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘ 1930ರಲ್ಲಿ 'ಸಿವಿಲ್ ಇಂಜಿನಿಯರಿಂಗ್' ಶುರುಮಾಡಿತು. ವಿದ್ಯುತ್ ಇಂಜಿನಿಯರುಗಳ ಎರಡು ಸಂಘಗಳು 1963ರಲ್ಲಿ ಕೂಡಿ ಐ.ಇ.ಇ.ಇ. ಆದ ಮರುವರ್ಷವೇ 'ಸ್ಪೆಕ್ಟ್ರಮ್' ಬಂತು. ಲಂಡನ್ನಿನ ಹಳೆಯ ಸಂಘವೂ 1972ರಲ್ಲಿ 'ನ್ಯೂ ಸಿವಿಲ್ ಇಂಜಿನಿಯರ್' ತೆಗೆದು, 1995ರಲ್ಲಿ ಅದನ್ನು ಒಂದು ಪ್ರಕಾಶನ ಕಂಪನಿಗೆ ಮಾರಿತು. ನಮ್ಮಲ್ಲಿ ರಸ್ತೆಯವರ ಸಂಘವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿದ್ದು 1934ರಲ್ಲಿ. ಅದರ ಮಾಸಿಕ 'ಇಂಡಿಯನ್ ಹೈವೇಸ್' 1973ರಿಂದ ಬರುತ್ತಿದೆ. ಒಳ್ಳೆಯ ಕಾಗದ, ಒಳ್ಳೆಯ ಚಿತ್ರ, ಸದಸ್ಯರ ಸುದ್ದಿ, ದೊಡ್ಡ ಯೋಜನೆಗಳ ವರದಿ ಇಂಥ ಪತ್ರಿಕೆಗಳಲ್ಲಿ ಇರುತ್ತವೆ. ಕಾಲುವೆ ಏರಿಯ ಮೇಲಿನ ಕೆನಡಿಗೆ ಮಾತ್ರ ಜಾಗ ಕಿರಿದಾಗುತ್ತಾ ಬಂತು. ಒಂದು ಕಡೆ ಪ್ರೊಫೆಸರರ ಜರ್ನಲ್, ಇನ್ನೊಂದು ಕಡೆ ಸುದ್ದಿಯ ಮ್ಯಾಗಜೀನ್. ಇವೆರಡರ ನಡುವಿನ ಸಂದಿಯಲ್ಲಿ ಕಳೆದುಹೋದವನು ಸೈಟಿನ ಇಂಜಿನಿಯರ್.

ಮೈಸೂರು ಸಂಸ್ಥಾನದಲ್ಲಿ ಅವನಿಗೊಂದು ಮನೆ ಇತ್ತು. ಮೈಸೂರು ಇಂಜಿನಿಯರ್ಸ್ ಅಸೋಸಿಯೇಷನ್ ತನ್ನ ಸದಸ್ಯರಿಗಾಗಿ ಬುಲೆಟಿನ್ ಹೊರಡಿಸುತ್ತಿತ್ತು. 1909ರಲ್ಲಿ ವಿಶ್ವೇಶ್ವರಯ್ಯನವರು ಚೀಫ್ ಇಂಜಿನಿಯರ್ ಆಗಿ ಬಂದ ಮೇಲೆ ಸಂಸ್ಥಾನದ ಇಂಜಿನಿಯರುಗಳಿಗೆ ಬಂದ ಹುರುಪು ಎಂಥದ್ದು ಎಂಬುದಕ್ಕೆ ಕನ್ನಂಬಾಡಿಯಿಂದ ಭದ್ರಾವತಿಯ ತನಕ ಗುರುತುಗಳಿವೆ. ಆ ಪರಂಪರೆಯ ಒಬ್ಬರ ಕೆಲಸ ನಮ್ಮ ಪಕ್ಕದ ಸಾಗರ ತಾಲ್ಲೂಕಿನಲ್ಲೇ ನೀರಿನಡಿ ಇದೆ.

ಅವರು ವಿ. ಗಣೇಶ ಅಯ್ಯರ್. ಅವರ 'ವೊಲ್ಯೂಟ್ ಸೈಫನ್' ನೀರಾವರಿ ಪಠ್ಯಗಳಲ್ಲಿ ಇಂದಿಗೂ ಅವರ ಹೆಸರಿನಲ್ಲೇ ಇದೆ. ಕುಣಿಗಲ್ ಹತ್ತಿರದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಸೈಫನ್ ಇವೆ, ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಇವೆ. ಅದು ಕೆಲಸ ಮಾಡುವ ಬಗೆ ನೋಡಿ. ಜಲಾಶಯದೊಳಗೆ ದೊಡ್ಡದೊಂದು ಆಲಿಕೆ ಬಾಯಿ ಮೇಲಾಗಿ ನಿಂತಿದೆ ಎಂದುಕೊಳ್ಳಿ. ಮೇಲೆ ಮುಚ್ಚಳದಂತೆ ಗುಮ್ಮಟ. ಆಲಿಕೆಯ ಒಳಮೈಯಲ್ಲಿ ಓರೆಯಾಗಿ ಸುತ್ತಿ ಇಳಿಯುವ ರೆಕ್ಕೆಗಳು. ನೀರು ತುಂಬಿದ ಮಟ್ಟ ದಾಟಿ ಅಂಚಿನಿಂದ ಒಳಕ್ಕೆ ಇಳಿಯುವಾಗ ರೆಕ್ಕೆಗಳು ಅದನ್ನು ಗಿರ್ರನೆ ತಿರುಗಿಸುತ್ತವೆ. ಸುಳಿ ಏಳುತ್ತದೆ. ಸುಳಿ ಗುಮ್ಮಟದೊಳಗಿನ ಗಾಳಿಯನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಸೈಫನ್ ಹಿಡಿದು ಕೊಳವೆಯ ತುಂಬಾ ನೀರು ಧುಮುಕುತ್ತದೆ. ಮಟ್ಟ ಇಳಿದಾಗ ಗಾಳಿ ಒಳಹೊಕ್ಕು ತಾನೇ ನಿಲ್ಲುತ್ತದೆ. ಗೇಟಿಲ್ಲ, ಮೋಟಾರಿಲ್ಲ, ನಡುರಾತ್ರಿಯ ಮಳೆಯಲ್ಲಿ ಗೇಟು ಎತ್ತಲು ಓಡಬೇಕಾದ ಆಳಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದ ಮೇಲೆ ಹಿರೇಭಾಸ್ಕರ ಮುಳುಗಿತು. ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಗೆ ನೀರು ತಳ ಕಂಡಾಗ ಅದು ಮೇಲೆದ್ದು ಕಾಣುತ್ತದೆ, ಜನ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ಅಣೆಕಟ್ಟು ಮುಳುಗಿದರೂ ಆ ಸೈಫನ್ನಿನ ಸಂಗತಿ ಮುಳುಗಲಿಲ್ಲ. ಬರೆದು, ನಕ್ಷೆ ಬಿಡಿಸಿ, ಬೇರೆ ಇಂಜಿನಿಯರುಗಳ ಮುಂದಿಟ್ಟದ್ದರಿಂದ ಅದು ಉಳಿಯಿತು.

ಇನ್ನು ಭಾಷೆಯ ವಿಷಯ. ಮೈಸೂರಿನ ಬುಲೆಟಿನ್ ಇಂಗ್ಲಿಷಿನಲ್ಲಿತ್ತು. ಸಂಸ್ಥಾನದ ಕಚೇರಿ ಭಾಷೆಯೇ ಅದಾಗಿದ್ದಾಗ ಬೇರೆ ನಿರೀಕ್ಷೆ ಸಾಧ್ಯವಿರಲಿಲ್ಲ ಎನ್ನಬಹುದು. ಆದರೆ ಅದೇ ಕಾಲದಲ್ಲಿ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತೆಗೆದರು. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ಪಾರಿಭಾಷಿಕ ಪದಗಳೇ ಇಲ್ಲದ ಕಾಲ. ಪದ ಕಟ್ಟಿಕೊಳ್ಳುತ್ತಲೇ ಲೇಖನ ಬರೆಯಬೇಕಿತ್ತು. ಎರಡೇ ವರ್ಷ ನಡೆಯಿತು ಆ ಪತ್ರಿಕೆ. ಆದರೂ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬ ಪ್ರಶ್ನೆಯನ್ನು ಅದು ತೀರಿಸಿಬಿಟ್ಟಿತು. ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ' ಬಂತು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮನೆ ಮನೆಗೆ ಹೋಯಿತು. ಶಾಲೆಯ ಹುಡುಗನಿಗೆ ಕನ್ನಡದಲ್ಲಿ ನಕ್ಷತ್ರದ ಸಂಗತಿ ಸಿಕ್ಕಿತು. ತೂಬಿನ ಸಂಗತಿ, ಏರಿಯ ಸಂಗತಿ, ಅದನ್ನು ಕಟ್ಟುವವರು ಬರೆದದ್ದು, ಕನ್ನಡದಲ್ಲಿ ಎಷ್ಟು ಸಿಗುತ್ತದೆ? 2021ರಲ್ಲಿ ಎ.ಐ.ಸಿ.ಟಿ.ಇ. ಇಂಜಿನಿಯರಿಂಗನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಕಲಿಸಲು ಬಾಗಿಲು ತೆರೆಯಿತು. ಬಾಗಿಲು ತೆರೆದರೆ ಸಾಲದು, ಒಳಗೆ ಓದಲು ಏನಾದರೂ ಇರಬೇಕು. ಪಠ್ಯಪುಸ್ತಕವನ್ನು ಇಂಗ್ಲಿಷಿನಿಂದ ಇಳಿಸಿಕೊಳ್ಳಬಹುದು; ಸೈಟಿನ ಅನುಭವವನ್ನು ಹಾಗೆ ಇಳಿಸಿಕೊಳ್ಳಲು ಬರುವುದಿಲ್ಲ.

ಪದಗಳ ಕೊರತೆ ನಮಗಿಲ್ಲ. ಏರಿ, ತೂಬು, ಕೋಡಿ, ಅಂಗಳ, ಮದಗ, ಒಡ್ಡು, ಕಟ್ಟೆ, ಹೂಳು, ಅಚ್ಚುಕಟ್ಟು, ಎಲ್ಲ ನಮ್ಮವೇ. ಎಸ್ಟಿಮೇಟ್, ಲೆವೆಲ್, ಎಂ.ಬಿ. ಪುಸ್ತಕ, ಇವೂ ಈಗ ನಮ್ಮವೇ. ನೀವು ಮೇಸ್ತ್ರಿಯ ಜೊತೆ, ನೀರುಗಂಟಿಯ ಜೊತೆ, ಜೆಸಿಬಿಯ ಡ್ರೈವರ್ ಜೊತೆ ದಿನಾ ಆಡುವ ಕನ್ನಡದಲ್ಲೇ ಬರೆದರೆ ಸಾಕು. ಆಗ ಅವರೂ ಓದಿಯಾರು. ಎಲ್ಲಿ ಏರಿ ಜಿನುಗುತ್ತಿದೆ ಎಂದು ಮೊದಲು ಕಾಣುವವರು ಅವರೇ ತಾನೆ?

ಬರೆದಿಡುವುದು ಈ ಸೀಮೆಗೆ ಹೊಸದೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಎದುರಿನ ಕಲ್ಲುಕಂಬ ನೋಡಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ರಾಜ್ಯ ಕಟ್ಟಿದ ಕಥೆಗಾಗಿ ಆ ಶಾಸನ ಪ್ರಸಿದ್ಧ. ಆದರೆ ಐದನೇ ಶತಮಾನದ ಆ ಬರಹ ಮೂಲದಲ್ಲಿ ಒಂದು ಕೆರೆಯ ದಾಖಲೆ. ದೊರೆ ಕಾಕುಸ್ಥವರ್ಮ ಆ ಶಿವಾಲಯದ ಬಳಿ ಕೆರೆ ತೋಡಿಸಿದ. ಅದನ್ನು ಹೇಳುವುದಕ್ಕಾಗಿಯೇ ಕದಂಬರ ಇಡೀ ವಂಶಚರಿತ್ರೆಯನ್ನು ಪೀಠಿಕೆಯಾಗಿ ಇಡಲಾಗಿದೆ. ಬರೆದವನು ಕುಬ್ಜ ಎಂಬ ಕವಿ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆ ಎಂದು ಕೊನೆಗೆ ಹೇಳಿಕೊಂಡಿದ್ದಾನೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳು, 1904ರ ಎಂಟನೆಯದರಲ್ಲಿ ಸೊರಬದವು ಅಚ್ಚಾಗಿವೆ. ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಕೊಡಗೆ, ಕೆರೆಯ ದುರಸ್ತಿಗೆಂದು ಬಿಟ್ಟ ಬಿತ್ತುವಟ, ಇಂಥ ಮಾತುಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಕಟ್ಟುವ ಖರ್ಚಿನಷ್ಟೇ ಕಾಳಜಿಯಿಂದ ಕಾಪಾಡುವ ಖರ್ಚನ್ನೂ ಕಲ್ಲಿನ ಮೇಲೆ ಬರೆದಿಟ್ಟ ಜನ ಅವರು.

ದೋಷವನ್ನೂ ಬರೆದಿಟ್ಟಿದ್ದಾರೆ. ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನವಿದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಎನ್ನುತ್ತದೆ. ಜಲಶಾಸ್ತ್ರ ಬಲ್ಲವನು, ಗಟ್ಟಿ ಜೇಡಿ ನೆಲ, ಹತ್ತಿರದಲ್ಲೇ ಕಲ್ಲುಗಣಿ, ಕೆಲಸ ಬಲ್ಲ ಆಳುಗಳು ಆ ಪಟ್ಟಿಯಲ್ಲಿದ್ದಾರೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಹಿಡಿಯಿತು ಎಂದೂ ಹೇಳುತ್ತದೆ. ಜೊತೆಗೆ ಆರು ದೋಷಗಳನ್ನು ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯದ ಗಡಿಯಲ್ಲಿ ಕೆರೆ ಇರುವುದು, ಅಂಗಳದ ನಡುವೆ ಆಮೆಬೆನ್ನಿನ ದಿಬ್ಬ, ನೀರು ಕಡಿಮೆ ಗದ್ದೆ ಹೆಚ್ಚು, ಗದ್ದೆ ಕಡಿಮೆ ನೀರು ಹೆಚ್ಚು. ಇಂದಿನ ಯಾವ ತನಿಖಾ ವರದಿಯೂ ಈ ಆರನ್ನು ಬಿಟ್ಟು ದೂರ ಹೋಗುವಂತಿಲ್ಲ.

ಈಗ ಕೇಳಬೇಕಾದದ್ದು ಇಷ್ಟು. ಈ ಎರಡು ತಾಲ್ಲೂಕುಗಳ ಇಂಜಿನಿಯರುಗಳು ಸೇರಿ ಕನ್ನಡದಲ್ಲಿ ಒಂದು ಚಿಕ್ಕ ಪತ್ರಿಕೆ ತೆಗೆಯಬೇಕು. ವರ್ಷಕ್ಕೆ ಎರಡು ಸಂಚಿಕೆ, ಮಳೆಗೆ ಮುಂಚೆ ಒಂದು, ಮಳೆ ನಿಂತ ಮೇಲೆ ಒಂದು. ಹದಿನಾರು ಪುಟ ಸಾಕು. ಸನ್ಮಾನದ ಫೋಟೊ ಬೇಡ, ಸಂದೇಶಗಳು ಬೇಡ. ಬರೆಯುವವನು ತಾನೇ ನೋಡಿದ್ದು, ತಾನೇ ಅಳೆದದ್ದು ಇರಲಿ. ಅದರ ಬೆನ್ನಿಗೆ ಬೇರೆಯವರ ಆಕ್ಷೇಪವೂ ಇರಲಿ, ಲಂಡನ್ನಿನ ಆ ಹಳೆಯ ಸಂಪುಟಗಳಲ್ಲಿ ಇದ್ದ ಹಾಗೆ.

ಮೊದಲ ಸಂಚಿಕೆಗೆ ಒಂದು ಕೆಲಸ ಹೀಗೆ ಮಾಡಬಹುದು. ಕೋಡಿಯ ಪಕ್ಕದ ಗೋಡೆಗೆ, ಕೋಡಿಯ ತಲೆಮಟ್ಟವನ್ನು ಸೊನ್ನೆ ಮಾಡಿಕೊಂಡು, ಹತ್ತು ಹತ್ತು ಸೆಂಟಿಮೀಟರಿಗೆ ಬಿಳಿ ಬಣ್ಣದ ಗೆರೆ ಎಳೆಯಿರಿ. ನೀರುಗಂಟಿಗೋ ಪಕ್ಕದ ಗದ್ದೆಯವರಿಗೋ ಹೇಳಿಡಿ. ದೊಡ್ಡ ಮಳೆ ಬಂದ ದಿನ ನೀರು ಯಾವ ಗೆರೆ ಮುಟ್ಟಿತು, ಎಷ್ಟು ಹೊತ್ತಿಗೆ ಮುಟ್ಟಿತು, ಬರೆದುಕೊಳ್ಳಲಿ. ಕೋಡಿ 20 ಮೀಟರ್ ಉದ್ದವಿದ್ದು, ನೀರು 60 ಸೆಂಟಿಮೀಟರ್ ಗೆರೆ ಮುಟ್ಟಿದರೆ ಸೆಕೆಂಡಿಗೆ ಸುಮಾರು 15.8 ಘನ ಮೀಟರ್ ಹರಿದಂತೆ. ಕೆರೆಗೆ ನೀರು ಬರುವ ಜಾಗ 2 ಚದರ ಕಿಲೋಮೀಟರ್ ಎಂದಿಟ್ಟುಕೊಳ್ಳಿ; ಮೂರನೇ ಎರಡರ ಘಾತಕ್ಕೆ ಏರಿಸಿದರೆ 1.59. ಭಾಗಿಸಿ. 'ಸಿ' ಹತ್ತರ ಹತ್ತಿರ ಬರುತ್ತದೆ. ಆ ಕೆರೆಗೆ, ಆ ಮಳೆಗೆ, ನೀವೇ ಕಂಡುಕೊಂಡ ಗುಣಾಂಕ ಅದು. ಬಂಗಾಳ ಕೊಲ್ಲಿಯಿಂದ ಅಳೆದದ್ದಲ್ಲ.

ಬಲ್ಲವರು ಕೂಡಲೇ ಆಕ್ಷೇಪ ಎತ್ತುತ್ತಾರೆ, ಎತ್ತಬೇಕು. ಕೋಡಿಯ ಮೇಲೆ ಹೋದದ್ದು ಕೆರೆಗೆ ಬಂದಷ್ಟೇ ಅಲ್ಲ. ಅಂಗಳ ಹರಡಿಕೊಂಡಿದ್ದರೆ ಪ್ರವಾಹದ ಮೊನೆಯನ್ನು ಕೆರೆಯೇ ಮುರಿದಿರುತ್ತದೆ. ಮೇಲಿನ ಕೆರೆಗಳು ಆಗಲೇ ತುಂಬಿದ್ದವೋ ಇಲ್ಲವೋ ನೋಡಬೇಕು. ಒಂದು ಮಳೆ ಸಾಲದು, ಹತ್ತು ವರ್ಷದ ಮಳೆ ಬೇಕು. ಎಲ್ಲವೂ ಸರಿ. ಎರಡನೇ ಸಂಚಿಕೆಯ ಸಾಮಗ್ರಿ ಅದೇ.

ಅದನ್ನು ಈಗಲೇ ಮಾಡಬೇಕಾದ ಕಾರಣವೂ ಇದೆ. ಮೂಡಿ ಏತ ನೀರಾವರಿ, ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿಯಂಥ ಯೋಜನೆಗಳು ಪಂಪಿನಿಂದ ಕೆರೆ ತುಂಬಿಸಲು ಬಂದಿವೆ. ರೈತರಿಗೆ ಅದು ದೊಡ್ಡ ಆಸರೆ. ಆದರೆ ದೊಡ್ಡ ಮಳೆಯನ್ನು ಅರೆ ಖಾಲಿ ಹೊಟ್ಟೆಯಲ್ಲಿ ಎದುರುಗೊಳ್ಳುತ್ತಿದ್ದ ಕೆರೆ ಇನ್ನು ಮುಂದೆ ತುಂಬಿದ ಹೊಟ್ಟೆಯಲ್ಲಿ ಎದುರುಗೊಳ್ಳಬೇಕಾದೀತು. ಕೋಡಿ ಹೆಚ್ಚು ಸಲ ಹರಿಯುತ್ತದೆ, ಏರಿ ಹೆಚ್ಚು ದಿನ ಒದ್ದೆಯಾಗಿರುತ್ತದೆ. ಹಳೆಯ ಏರಿಗಳು ಇದನ್ನು ಹೇಗೆ ತಡೆದುಕೊಳ್ಳುತ್ತವೆ ಎಂಬುದನ್ನು ಹತ್ತಿರದಿಂದ ನೋಡುವವರು ನೀವು. ದೂರದ ಯಾವ ಜರ್ನಲ್ಲೂ ನಿಮಗಾಗಿ ಅದನ್ನು ನೋಡಲಾರದು.

ಅಂಜಿಕೆಗಳು ಗೊತ್ತಿಲ್ಲದ್ದಲ್ಲ. ಸರ್ಕಾರಿ ಕೆಲಸದಲ್ಲಿ ಇರುವವರಿಗೆ ನಡತೆ ನಿಯಮಗಳಿವೆ. ಆದರೆ ಕೋಡಿಯ ಮೇಲೆ ಎಷ್ಟು ನೀರು ಹರಿಯಿತು ಎಂಬುದು ಯಾರ ಮೇಲಿನ ಟೀಕೆಯೂ ಅಲ್ಲ. ಕೆಟ್ಟುಹೋದ ಕೆಲಸದ ಬಗ್ಗೆ ಬರೆಯುವಾಗ ಊರಿನ ಹೆಸರು, ಗುತ್ತಿಗೆದಾರರ ಹೆಸರು, ಅಧಿಕಾರಿಯ ಹೆಸರು ಬಿಡಿ. ಮಣ್ಣಿನ ಬಗೆ, ಏರಿಯ ಎತ್ತರ, ಒಡೆದ ಜಾಗ ತೂಬಿನಿಂದ ಎಷ್ಟು ದೂರ, ಇಷ್ಟು ಇದ್ದರೆ ಓದುವವನಿಗೆ ಸಾಕು. ವಾಟ್ಸಾಪ್ ಗುಂಪಿನಲ್ಲಿ ಇದೆಲ್ಲ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ, ಮೂರು ದಿನಕ್ಕೆ ಹಬ್ಬದ ಶುಭಾಶಯಗಳ ಅಡಿಗೆ ಹೋಗುತ್ತದೆ. ಫೋನು ಬದಲಾಯಿಸಿದ ದಿನ ಫೋಟೊಗಳೂ ಹೋಗುತ್ತವೆ.

ನಿವೃತ್ತರಾದವರಲ್ಲಿ ಒಂದು ವಿಶೇಷ ವಿನಂತಿ. ನಿಮ್ಮ ಟ್ರಂಕಿನಲ್ಲಿ ಹಳೆಯ ಫೀಲ್ಡ್ ಬುಕ್ ಇದ್ದರೆ ರದ್ದಿಯವನಿಗೆ ಹಾಕಬೇಡಿ. ಯಾವ ಕೆರೆಯ ಏರಿ ಯಾವ ವರ್ಷ ಕುಸಿಯಿತು, ತೂಬಿನ ಬುಡದಲ್ಲಿ ಯಾವ ಕಲ್ಲು ಸಿಕ್ಕಿತು, ಲೆವೆಲ್ಲಿಗೆ ಬೆಂಚ್‌ಮಾರ್ಕ್ ಆಗಿ ಹಿಡಿದದ್ದು ಯಾವ ಗುಡಿಯ ಮೆಟ್ಟಿಲು, ಇವೆಲ್ಲ ಪೆನ್ಸಿಲ್ಲಿನಲ್ಲಿ ಅಲ್ಲಿವೆ. ಒಂದು ಸಂಜೆ ಕಿರಿಯ ಇಂಜಿನಿಯರ್ ಒಬ್ಬರನ್ನು ಮನೆಗೆ ಕರೆದು, ಆ ಪುಟಗಳನ್ನು ಅವರ ಮುಂದೆ ತೆರೆಯಿರಿ. ಅವರು ಬರೆದುಕೊಳ್ಳಲಿ. ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವವರು ಅಚ್ಚಿನ ಖರ್ಚು ನೋಡಿಕೊಂಡರೆ, ಲೆಕ್ಕವನ್ನು ಒಮ್ಮೆ ತಾಳೆ ನೋಡಿ ಕಳಿಸಿದರೆ ಅದೇ ದೊಡ್ಡ ಕೆಲಸ.

ಪತ್ರಿಕೆಯ ಹೆಸರು ನೀವೇ ಇಡಿ. ಮುಂಗಾರು ಹಿಡಿಯುವ ಮುಂಚೆ, ಮೇ ತಿಂಗಳ ಒಂದು ಭಾನುವಾರ ಸೊರಬದಲ್ಲೋ ಶಿರಾಳಕೊಪ್ಪದಲ್ಲೋ ಸೇರುವುದಾದರೆ, ಬರುವಾಗ ಒಬ್ಬೊಬ್ಬರೂ ತಮಗೆ ಚೆನ್ನಾಗಿ ಗೊತ್ತಿರುವ ಒಂದು ಕೋಡಿಯ ಉದ್ದ, ಅದರ ಮೇಲಿನ ಜಾಗದ ವಿಸ್ತೀರ್ಣ, ಊರಿನವರ ನೆನಪಿನಲ್ಲಿ ಅತಿ ಎತ್ತರಕ್ಕೆ ನೀರು ಬಂದ ಮಟ್ಟ, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಬಿಳಿ ಬಣ್ಣದ ಡಬ್ಬಿ, ಬ್ರಷ್ಷು, ಒಂದು ಸ್ಟಾಫ್ ಅಲ್ಲೇ ಇಟ್ಟಿರೋಣ. ಊಟವಾದ ಮೇಲೆ ಹತ್ತಿರದ ಕೆರೆಗೆ ಹೋಗಿ ಮೊದಲ ಗೆರೆ ಎಳೆದು ಬರಬಹುದು.

ಇತಿ,
ನಿಮ್ಮ ಸೀಮೆಯ ಕೆರೆ ನೀರು ಕುಡಿದು ಬೆಳೆದ ಒಬ್ಬ ಓದುಗ